ಸಂಜೆಗೆ ಉಳಿದ ಮಾತು

ಕ್ಷೌರದಂಗಡಿಯ ಎರಡನೇ ಕುರ್ಚಿಯವನು ಸತ್ತವನ ಬಲಗೆನ್ನೆಗೆ ಸೋಪಿನ ನೊರೆ ಹಚ್ಚುತ್ತಿದ್ದ. ನೀರು ಬೆಚ್ಚಗಿರಲಿ ಎಂದು ಕೇಳಿ ತರಿಸಿಕೊಂಡಿದ್ದ. ತಣ್ಣೀರಾದರೂ ಇನ್ನು ಆ ಕೆನ್ನೆಗೆ ಏನೂ ಆಗುವಂತಿರಲಿಲ್ಲ. ಆದರೆ ಬದುಕಿರುವವರ ಗಡ್ಡ ಹೆರೆದು ಪಳಗಿದ ಕೈ ಅದಕ್ಕೆ ಒಪ್ಪಲಿಲ್ಲ.

"ಸ್ವಲ್ಪ ಈ ಕಡೆ ತಿರುಗು ಅಣ್ಣ," ಎಂದ. ಒಂದು ಕ್ಷಣ ಕಾದ. ಆಮೇಲೆ ನೆನಪಾಗಿ, ತಾನೇ ಮಂಚವನ್ನು ಸುತ್ತಿ ಆ ಬದಿಗೆ ಹೋಗಿ ನಿಂತ.

ಎಡಗಿವಿಯ ಹಿಂದೆ ಚರ್ಮದಡಿಯಲ್ಲಿ ಒಂದು ತಂತಿ ಕತ್ತಿನತ್ತ ಇಳಿದಿರುವುದು ಉಬ್ಬಿ ಕಾಣುತ್ತಿತ್ತು. ಕತ್ತಿ ಅಲ್ಲಿಗೆ ಬಂದಾಗ ಅವನು ಉಸಿರು ಬಿಗಿಹಿಡಿದ.

ಆಗಲೇ ಮೈದುನ, ಸತ್ತವನ ತಮ್ಮ, ಒಳಕೋಣೆಯಿಂದ ಬೆವರೊರೆಸಿಕೊಳ್ಳುತ್ತ ಬಂದದ್ದು. "ಅತ್ತಿಗೆ, ರಿಮೋಟ್ ಎಲ್ಲಿಟ್ಟಿದೀರಿ? ಬೀರು ಪೂರ್ತಿ ಜಾಲಾಡಿದೆ, ಸಿಗ್ಲಿಲ್ಲ."

ಬಾಗಿಲ ಬಳಿ ಕುಳಿತಿದ್ದ ಪಕ್ಕದ ಮನೆಯಾಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಇಂಥ ಹೊತ್ತಲ್ಲೂ ಟೀವಿ ಬೇಕಾ ನಿಮಗೆ?"

"ಟೀವೀದಲ್ಲಮ್ಮಾ! ಅಣ್ಣನ ಎದೇಲಿರೋ ಮಿಷನ್‌ದು." ಅವನು ಅತ್ತಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ದನಿ ತಗ್ಗಿಸಿದ. "ಚಿತಾಗಾರದವನ ಹತ್ರ ಮಾತಾಡ್ದೆ. ಮಿಷನ್ ಇರೋ ದೇಹ ಒಳಗೆ ಬಿಡಲ್ವಂತೆ. ಬೆಂಕಿಗೆ ಅದರ ಬ್ಯಾಟರಿ ಸಿಡಿಯುತ್ತಂತೆ. ಆಸ್ಪತ್ರೆಯಿಂದ ಡಾಕ್ಟರಮ್ಮ ಬರ್ತಿದಾರೆ, ತೆಗೆದುಕೊಡ್ತಾರೆ. ಆದ್ರೆ ಅದಕ್ಕೆ ಮುಂಚೆ ಮಿಷನ್ ಆರಿಸ್ಬೇಕು. ಅದಿನ್ನೂ ಓಡ್ತಾನೇ ಇದೆ, ಗೊತ್ತಾ ನಿಮಗೆ?"

ಅವಳಿಗೆ ಗೊತ್ತಿತ್ತು. ನಿನ್ನೆ ಮಧ್ಯಾಹ್ನದಿಂದ ಅವಳು ಬೇರೆ ಯಾವುದನ್ನೂ ಯೋಚಿಸಿರಲಿಲ್ಲ. ಗಂಡನ ಅಂಗಡಿಯ ಬಿಳಿ ಕೋಟು ಮಡಿಸಿದಂತೆಯೇ ಅವಳ ಮಡಿಲಲ್ಲಿತ್ತು. ಅದರ ಜೇಬಿನೊಳಗೆ ಅವಳ ಬೆರಳುಗಳು ಒಂದು ಸಣ್ಣ ಚಪ್ಪಟೆ ಡಬ್ಬಿಯನ್ನು ಹಿಡಿದುಕೊಂಡಿದ್ದವು.

"ನೋಡ್ತೀನಿ," ಎಂದಳು. ಎದ್ದೇಳಲಿಲ್ಲ.

*

ಅವಳ ಗಂಡನ ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅವನು ರೇಡಿಯೊ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಿದಾಗ ಶುರುವಾದ ಮಾತು ಬಾಗಿಲು ಇಳಿಸುವಾಗಲೇ ನಿಲ್ಲುತ್ತಿತ್ತು. ಕತ್ತರಿ ಒಂದು ತಾಳ, ನಾಲಿಗೆ ಒಂದು ತಾಳ. ಕೂದಲು ಬೆಳೆಯದಿದ್ದರೂ ಬಂದು ಬೆಂಚಿನ ಮೇಲೆ ಕೂರುವವರಿದ್ದರು. ಅವರಲ್ಲಿ ಮೊದಲಿಗರು ನಿವೃತ್ತ ಮೇಷ್ಟ್ರು.

"ಮೇಷ್ಟ್ರೇ, ನಿಮ್ಮ ತಲೇಲಿ ಹಾಜರಾತಿ ದಿನಾ ಕಮ್ಮಿ ಆಗ್ತಿದೆ. ಮುಂದಿನ ಬೆಂಚು ಪೂರ್ತಿ ಖಾಲಿ. ಹಿಂದಿನ ಬೆಂಚಿನವರು ಮಾತ್ರ ಉಳ್ಕೊಂಡಿದಾರೆ."

"ಅವರನ್ನಾದ್ರೂ ಹೊರಗೆ ಹಾಕ್ಬೇಡ ಮಾರಾಯ," ಎಂದು ಮೇಷ್ಟ್ರು ಕತ್ತು ಬಗ್ಗಿಸುತ್ತಿದ್ದರು.

ನಡುಕ ಶುರುವಾದದ್ದು ಬಲಗೈಯಲ್ಲಿ. ಮೊದಮೊದಲು ಲೋಟ ತುಟಿಗೆ ಬರುವಾಗ ನೀರು ತುಳುಕುತ್ತಿತ್ತು, ವಯಸ್ಸಾಯಿತು ಎಂದುಕೊಂಡರು. ಆಮೇಲೆ ಬಾಚಣಿಗೆ ಹಲ್ಲು ಕಡಿಯತೊಡಗಿತು. ಅವನು ಎಡಗೈಯಿಂದ ಬಲಮಣಿಕಟ್ಟು ಒತ್ತಿಹಿಡಿದು ಕ್ಷೌರ ಮಾಡಿದ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮಾಡಿದ. ಯಾರೂ ಕೈಯತ್ತ ನೋಡದಿರಲೆಂದು ಇನ್ನೂ ಹೆಚ್ಚು ಮಾತಾಡಿದ. ಕೊನೆಗೆ ಒಂದು ಬೆಳಿಗ್ಗೆ ಕತ್ತಿ ಮೇಷ್ಟ್ರ ಕಿವಿಯ ಬುಡಕ್ಕೆ ತಗುಲಿತು. ಬಿಳಿ ಬಟ್ಟೆಯ ಮೇಲೆ ರಕ್ತ ಹರಿಯಿತು. ಮೇಷ್ಟ್ರು, "ಏನಾಗಿಲ್ಲ, ಸೊಳ್ಳೆ ಕಚ್ಚಿದ ಹಾಗಾಯ್ತು," ಎಂದರು. ಆದರೆ ಆ ದಿನ ಅವನು ಬಟ್ಟೆಯನ್ನು ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ. ಅಂಗಡಿಯ ಟವೆಲುಗಳನ್ನೆಲ್ಲ ದಿನವೂ ಒಗೆಯುತ್ತಿದ್ದವಳು ಅವಳೇ. ಮರುದಿನದಿಂದ ಮೊದಲನೇ ಕುರ್ಚಿ ಖಾಲಿ ಉಳಿಯಿತು. ಎರಡನೇ ಕುರ್ಚಿಯವನು ಕೆಲಸ ಮಾಡಿದ. ಇವನು ಬೆಂಚಿನ ಮೇಲೆ ಕೈಗಳನ್ನು ತೊಡೆಯಡಿ ಅದುಮಿಟ್ಟುಕೊಂಡು ಬರೀ ಮಾತಾಡಿದ.

ಮನೆಯಲ್ಲಿ ಅವಳು ಅಂಗಿಯ ಗುಂಡಿ ಹಾಕಿದಳು, ಅನ್ನ ಕಲೆಸಿ ತುತ್ತು ಮಾಡಿಕೊಟ್ಟಳು. ಒಂದು ದಿನ ಅವನ ಗಡ್ಡವನ್ನೂ ತಾನೇ ಹೆರೆಯಲು ಹೋದಳು. ಊರಿಗೆಲ್ಲ ಕ್ಷೌರ ಮಾಡಿದವನು ಹೆಂಡತಿಗೆ ಕೆನ್ನೆಯೊಡ್ಡಿ ಕಣ್ಣು ಮುಚ್ಚಿಕೊಂಡ. ಮುಚ್ಚಿದ ರೆಪ್ಪೆಯಂಚಿನಿಂದ ಇಳಿದದ್ದು ನೊರೆಯಲ್ಲಿ ದಾರಿ ಮಾಡಿಕೊಂಡು ಹೋಯಿತು.

*

ಮಗಳು ಬಂದಾಗ ಬಿಸಿಲು ಏರಿತ್ತು. ದೂರದ ಊರಲ್ಲಿ ಬಸ್ಸು ಡಿಪೋದ ಕಚೇರಿಯಲ್ಲಿ ಕೆಲಸ. ಸಿಕ್ಕಿದ ಮೊದಲ ಬಸ್ಸು ಹತ್ತಿ ಬಂದಿದ್ದಳು. ಅಪ್ಪನ ಕಾಲ ಬಳಿ ಕುಸಿದು, ಪಾದಗಳನ್ನು ಹಿಡಿದುಕೊಂಡಳು.

"ಎಲ್ಲಿ ಹೋದ್ರು? ಹೇಗೆ ಹೋದ್ರು? ಯಾರೂ ಸರಿಯಾಗಿ ಹೇಳ್ತಾನೇ ಇಲ್ಲ," ಎಂದು ಅತ್ತಳು.

ಮುಖ ಒರೆಸುತ್ತಿದ್ದ ಎರಡನೇ ಕುರ್ಚಿಯವನು ಟವೆಲನ್ನು ಹಿಂಡಿದ. ಹೇಳಬೇಕಾದವನು ಅವನೇ.

"ಅಂಗಡೀಲೇ ಕಣಮ್ಮ. ಊಟ ಮಾಡಿ ಬಂದು ಮೊದಲನೇ ಕುರ್ಚೀಲಿ ಕೂತ್ಕೊಂಡ. ನಂಗೊಬ್ಬ ಗಿರಾಕಿ ಇದ್ದ. ನಾನು ಏನೋ ಹೇಳ್ತಾ ಇದ್ದೆ, ಅಣ್ಣ ಉತ್ರ ಕೊಡ್ಲಿಲ್ಲ. ಕೊಡಲ್ವಲ್ಲ ಈಗೀಗ. ನಾನು ಮಾತಾಡ್ತಾನೇ ಇದ್ದೆ. ಕಟಿಂಗ್ ಮುಗಿಸಿ, ಗಡ್ಡ ಮಾಡಿ, ಪೌಡರ್ ಹಾಕಿ ಕಳಿಸ್ದೆ. ಆಮೇಲೆ ನೋಡ್ತೀನಿ..." ಅವನು ಟವೆಲನ್ನು ಮತ್ತೆ ನೀರಿಗೆ ಅದ್ದಿದ. "ಮುಂಚಿನ ಅಣ್ಣ ಆಗಿದ್ರೆ ಮಾತು ನಿಂತ ಕೂಡ್ಲೇ ಬೀದಿಗೇ ಗೊತ್ತಾಗ್ತಿತ್ತು."

ಮೂಲೆಯಲ್ಲಿ ಕೋಲೂರಿಕೊಂಡು ಕುಳಿತಿದ್ದ ಮೇಷ್ಟ್ರು ಮೆಲ್ಲಗೆ ತಲೆಯಾಡಿಸಿದರು. "ಕೈ ಬಂತು, ಬಾಯಿ ಹೋಯ್ತು. ನಾನು ದಿನಾ ಕೆಣಕ್ತಿದ್ದೆ. ಮೊನ್ನೆ ಕೂಡ ಕೇಳ್ದೆ, 'ಏನೋ ರೇಡಿಯೊ, ಸ್ಟೇಷನ್ ಸಿಗ್ತಿಲ್ವಾ?' ಅಂತ. ಸುಮ್ನೆ ನಕ್ಕ. ಒಂದೇ ಒಂದು ಉತ್ರ ಕೊಟ್ಟಿದ್ರೆ ಸಾಕಿತ್ತು ನಂಗೆ."

ಮಡಿಲಲ್ಲಿ ಕೋಟಿಟ್ಟುಕೊಂಡಿದ್ದ ಹೆಂಡತಿ ತಲೆಯೆತ್ತಿ ಮೇಷ್ಟ್ರನ್ನು ನೋಡಿದಳು. ಆ ಉತ್ತರ ಅವಳ ಬಳಿ ಇತ್ತು. ನಾಲಿಗೆಯ ತುದಿಯವರೆಗೂ ಬಂದು, ಅಲ್ಲಿಂದ ಹಿಂದಕ್ಕೆ ಹೋಯಿತು.

"ನನ್ನ ಹತ್ರಾನೂ ಅಷ್ಟೇ," ಎಂದಳು ಮಗಳು. "ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಫೋನ್ ಮಾಡಿದ್ರೆ ಬರೀ ಹೂಂ, ಊಹೂಂ. ಆಪರೇಷನ್‌ಗೆ ಒತ್ತಾಯ ಮಾಡಿದ್ದಕ್ಕೆ ಅಪ್ಪನಿಗೆ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ. ಹಾಗೇ ಹೋಗ್ಬಿಟ್ರು."

"ಒತ್ತಾಯ ಮಾಡಿದ್ದು ನಾನು. ನಿನ್ನ ಮೇಲೆ ಯಾಕೆ ಕೋಪ?" ಎಂದ ಮೈದುನ. ಹೊರಗೆ ಗಾಡಿ ನಿಂತ ಸದ್ದಾಯಿತು. ಅವನು ಕಿಟಕಿಯಿಂದ ಇಣುಕಿದ. "ಅತ್ತಿಗೆ, ಡಾಕ್ಟರಮ್ಮ ಬಂದ್ರು. ಈಗಲಾದ್ರೂ ಏಳಿ, ಹುಡುಕಿ. ಚಿತಾಗಾರದವನು ಮಧ್ಯಾಹ್ನಕ್ಕೆ ಹೊತ್ತು ಕೊಟ್ಟಿದಾನೆ, ತಪ್ಪಿದ್ರೆ ನಾಳೆಗೇ."

ಅವಳು ಕೋಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

*

ನಡುಕ ನಿಲ್ಲಿಸುವ ಶಸ್ತ್ರಚಿಕಿತ್ಸೆಯ ದಿನ ಅವನನ್ನು ಎಚ್ಚರದಲ್ಲೇ ಇಟ್ಟಿದ್ದರಂತೆ. ತಲೆಗೆ ಕಬ್ಬಿಣದ ಚೌಕಟ್ಟು ಬಿಗಿದು, ಬುರುಡೆಯಲ್ಲಿ ತೂತು ಕೊರೆದು, ಮಿದುಳಿನೊಳಕ್ಕೆ ಕೂದಲಿಗಿಂತ ಸ್ವಲ್ಪ ದಪ್ಪನೆಯ ತಂತಿ ಇಳಿಸುವಾಗಲೂ ಇವನು, ತನ್ನ ತಲೆ ಬೋಳಿಸಿದವನ ಕೈ ಎಷ್ಟು ಒರಟು ಎಂದು ಡಾಕ್ಟರಿಗೆ ದೂರು ಹೇಳುತ್ತಿದ್ದನಂತೆ. ಕೆಲವು ದಿನಗಳ ಮೇಲೆ ಎದೆಯಲ್ಲಿ, ಕೊರಳೆಲುಬಿನ ಕೆಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಕೂರಿಸಿ ಮೊದಲ ಸಲ ಗುಂಡಿ ಒತ್ತಿದರು. ಬಲಗೈ ನಿಂತುಬಿಟ್ಟಿತು. ಗಾಳಿ ಬಿದ್ದುಹೋದ ಮೇಲೆ ಎಲೆ ನಿಲ್ಲುವ ಹಾಗೆ. ಅವನು ತುಂಬಿದ ಲೋಟ ಎತ್ತಿ, ಒಂದು ಹನಿ ಚೆಲ್ಲದೆ ಕುಡಿದು, ಖಾಲಿ ಲೋಟವನ್ನು ಎಲ್ಲರಿಗೂ ತೋರಿಸಿದ. ಅವಳು ಗೋಡೆಗೆ ಹಣೆಯಿಟ್ಟು ದೇವರಿಗೆ ಕೈ ಮುಗಿದಳು.

ನಾಲಿಗೆ ದಪ್ಪವಾದದ್ದು ಮೆಲ್ಲಮೆಲ್ಲಗೆ ತಿಳಿಯಿತು. ಮಾತು ಹೊರಡುತ್ತಿತ್ತು, ಆದರೆ ಒದ್ದೆ ಬಟ್ಟೆ ಎಳೆದುಕೊಂಡು ಬಂದಂತೆ. ಒಂದು ಶಬ್ದ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಗಿರಾಕಿಗಳು ಎರಡೆರಡು ಸಲ "ಏನು? ಏನಂದೆ?" ಎಂದರು. ತಮಾಷೆಯನ್ನು ಎರಡು ಸಲ ಹೇಳಿದರೆ ಅದು ತಮಾಷೆಯಲ್ಲ. ಯಂತ್ರವನ್ನು ತಿದ್ದುವ ಡಾಕ್ಟರು ಹಲವು ಸಲ ಹೆಚ್ಚು ಮಾಡಿ, ಕಡಿಮೆ ಮಾಡಿ ನೋಡಿದರು. ಕೈ ನಿಂತರೆ ನಾಲಿಗೆ ತೊಡರುತ್ತಿತ್ತು. ನಾಲಿಗೆ ಸಡಿಲವಾದರೆ ಕೈ ನಡುಗುತ್ತಿತ್ತು. "ಕೆಲವರಿಗೆ ಹೀಗಾಗುತ್ತೆ. ಎರಡರಲ್ಲಿ ಯಾವುದು ಬೇಕು, ನೀವೇ ಹೇಳ್ಬೇಕು," ಎಂದರು.

ಅವನು ತನ್ನ ಬಲಗೈಯನ್ನು ಮುಂದೆ ಚಾಚಿದ.

ಹೀಗೆ ಮೊದಲನೇ ಕುರ್ಚಿಗೆ ಮತ್ತೆ ಗಿರಾಕಿಗಳು ಬಂದರು. ಮೇಷ್ಟ್ರೇ ಮೊದಲು ಬಂದು ಕತ್ತು ಒಡ್ಡಿದರು. ಕತ್ತರಿಯ ಸದ್ದು ಮಾತ್ರ ಕೇಳುತ್ತಿತ್ತು. ಅವನು ಹೊಸ ಬದುಕಿಗೆ ಒಗ್ಗಿಕೊಂಡ: ಬಾಚುವಾಗ ತಲೆಯ ಮೇಲಿನ ಉಬ್ಬಿಗೆ ತಾಗದಂತೆ ಬಾಚಿಕೊಂಡ, ಟವೆಲನ್ನು ಯಂತ್ರವಿದ್ದ ಹೆಗಲು ಬಿಟ್ಟು ಇನ್ನೊಂದಕ್ಕೆ ಹಾಕಿಕೊಂಡ, ದೊಡ್ಡ ಬಟ್ಟೆಯಂಗಡಿಯಲ್ಲಿ ಕಳ್ಳರನ್ನು ಹಿಡಿಯುವ ಬಾಗಿಲಿನಿಂದ ಯಂತ್ರ ಆರಿಹೋದೀತೆಂದು ದೂರ ನಿಂತ, ಹೌದು ಅಲ್ಲ ಎಂಬುದನ್ನು ಹುಬ್ಬಿನಲ್ಲೇ ಹೇಳಲು ಕಲಿತ. ಜನರೂ ಒಗ್ಗಿಕೊಂಡರು. ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಒಂದು ಸಂಜೆ, ಅಂಗಡಿ ಮುಚ್ಚಿ ಬಂದವನು ರಿಮೋಟನ್ನು ಅವಳ ಕೈಗಿಟ್ಟು, ಎದೆ ತೋರಿಸಿದ. ಆರಿಸು ಎಂದು ಸನ್ನೆ ಮಾಡಿದ.

"ಯಾಕೆ? ನೋಯ್ತಿದೆಯಾ? ನಿಮ್ಮ ತಮ್ಮನಿಗೆ ಗೊತ್ತಾದ್ರೆ ಮನೆ ಮುರಿಯೋ ಹಾಗೆ ಕೂಗಾಡ್ತಾನೆ."

ಅವನು ಅಲುಗಾಡಲಿಲ್ಲ. ಅವಳು ಡಬ್ಬಿಯನ್ನು ಅವನ ಎದೆಗಾನಿಸಿ ಗುಂಡಿ ಒತ್ತಿದಳು. ಮೊದಲು ಬೆರಳುಗಳು ಕದಲಿದವು, ಆಮೇಲೆ ಮಣಿಕಟ್ಟು, ಆಮೇಲೆ ಇಡೀ ಕೈ ಹಳೆಯ ಹಾಗೆ ಬಡಿದುಕೊಳ್ಳತೊಡಗಿತು. ಅವಳು ಗಾಬರಿಯಿಂದ ಅದನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಏನೂ ಇಲ್ಲ. ಅವನು ತುಟಿ ಒದ್ದೆ ಮಾಡಿಕೊಂಡ. ನಂತರ, ಬಹಳ ದಿನಗಳ ಮೇಲೆ, ತೊಳೆದಿಟ್ಟ ಹಾಗೆ ಸ್ವಚ್ಛವಾದ ದನಿ ಬಂತು:

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಈಗ ನೋಡು, ದಿನಕ್ಕೊಂದು ಗಳಿಗೆ ಹಲ್ಲು ಸಾಲ ಸಿಕ್ಕಿದೆ."

ಅವಳು ನಕ್ಕಳು, ನಗುತ್ತ ನಗುತ್ತ ಅತ್ತಳು.

ಆಮೇಲೆ ಅದು ದಿನದ ಪರಿಪಾಠವಾಯಿತು. ದೀಪ ಹಚ್ಚುವ ಹೊತ್ತಿಗೆ ಅವಳು ಬಾಗಿಲು ಹಾಕಿ ಬಂದು ಗುಂಡಿ ಒತ್ತುವಳು, ಕೈ ಹಿಡಿಯುವಳು, ಇಬ್ಬರೂ ನಾಲಿಗೆ ಬಿಡುವುದನ್ನು ಕಾಯುವರು. ದಿನವೆಲ್ಲ ನುಂಗಿಕೊಂಡಿದ್ದ ಮಾತೆಲ್ಲ ಆಗ ಹೊರಗೆ ಬರುತ್ತಿತ್ತು. ಯಾವ ಗಿರಾಕಿ ಏನಂದ, ಅದಕ್ಕೆ ತಾನು ಕೊಡಬೇಕಾಗಿದ್ದ ಉತ್ತರವೇನು. ಮೊನ್ನೆಯ ಸಂಜೆಯೂ ಅಷ್ಟೇ: "ಮೇಷ್ಟ್ರು ಕೇಳ್ತಾರೆ, ಸ್ಟೇಷನ್ ಸಿಗ್ತಿಲ್ವಾ ಅಂತ. ಸ್ಟೇಷನ್ ಇದ್ದಲ್ಲೇ ಇದೆ ಮೇಷ್ಟ್ರೇ, ನಿಮ್ಮ ತಲೇಲಿ ಬೆಳೀದೆ ಇರೋ ಕೂದ್ಲೆಲ್ಲ ಕಿವೀಲಿ ಬೆಳೆದಿದೆ. ಮೊದ್ಲು ಅದನ್ನ ಕತ್ತರಿಸ್ಬೇಕು!" ಕೊನೆಗೆ, ಇನ್ನು ಸಾಕು ಅನ್ನುವಾಗ, ಅವನು ಕಣ್ಣು ಮುಚ್ಚಿ ದೇವರನ್ನು ಬಾಯಿ ತುಂಬ ನೆನೆಯುತ್ತಿದ್ದ. "ಮನಸ್ಸಲ್ಲಿ ಅಂದ್ರೂ ಅವನಿಗೆ ಕೇಳುತ್ತೆ. ಆದ್ರೆ ಕೊಟ್ಟವನ ಹೆಸರನ್ನ ತೊದಲಿ ಹೇಳ್ಬಾರ್ದು," ಎನ್ನುತ್ತಿದ್ದ. ಅಷ್ಟಾದ ಮೇಲೆ ಅವಳು ಮತ್ತೆ ಗುಂಡಿ ಒತ್ತುವಳು. ಡಬ್ಬಿಯನ್ನು ಎದೆಗಾನಿಸಿ ಒತ್ತಲು ಎರಡು ಕೈ ಬೇಕು; ಒಂದು ಕೈ ನಡುಗುವಾಗ ಅದನ್ನು ಅವನೇ ಒತ್ತಿಕೊಳ್ಳಲು ಆಗುತ್ತಿರಲಿಲ್ಲ. ಹಾಗಾಗಿ ಅವನ ಮಾತು ಅವಳ ಕೈಯಲ್ಲಿತ್ತು.

ಹಗಲಲ್ಲಿ ಏನಾದರೂ ಹೇಳಬೇಕೆನಿಸಿದರೆ ಅವನು ಎರಡು ಬೆರಳಿನಿಂದ ಎದೆಯನ್ನು ತಟ್ಟಿ ತೋರಿಸುತ್ತಿದ್ದ. ಸಂಜೆ ಹೇಳ್ತೀನಿ ಎಂದರ್ಥ. ನಿನ್ನೆ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಏನೋ ನೆನಪಾಗಿ ತಡೆದು ನಿಂತ. ಒಳಗೊಳಗೇ ನಗು ತಡೆಯಲಾರದೆ ಹೆಗಲು ಕುಲುಕಿತು.

"ಏನ್ರೀ ಅದು? ನಂಗೂ ಹೇಳಿ, ನಾನೂ ನಗ್ತೀನಿ," ಎಂದಳು, ಒದ್ದೆ ಟವೆಲು ಕೊಡವುತ್ತ.

ಅವನು ಎದೆಯನ್ನು ಎರಡು ಬೆರಳಿನಿಂದ ತಟ್ಟಿ, ಹೋದ.

*

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೈಚೀಲವನ್ನು ಸ್ಟೂಲಿನ ಮೇಲಿಟ್ಟು, ಮೃತನಿಗೆ ಕೈ ಮುಗಿದು, ಗಂಡಸರನ್ನೆಲ್ಲ ಹೊರಗೆ ಹೋಗಲು ಹೇಳಿದರು. ಎರಡನೇ ಕುರ್ಚಿಯವನು ಕತ್ತಿ, ಬ್ರಷ್ಷು ಎತ್ತಿಕೊಂಡು ಎದ್ದ. ಮೇಷ್ಟ್ರು ಕೋಲೂರುತ್ತ ಹೊಸಿಲು ದಾಟಿದರು. ಪಕ್ಕದ ಮನೆಯಾಕೆಯೂ ಅವರ ಹಿಂದೆಯೇ ಹೋದಳು. ಮೈದುನ ಬಾಗಿಲಲ್ಲಿ ನಿಂತು ಮತ್ತೆ ಕೇಳಿದ.

"ಅತ್ತಿಗೆ, ಕೈ ಮುಗೀತೀನಿ. ಸಿಗ್ಲಿಲ್ಲ ಅಂದ್ರೆ ಹೇಳ್ಬಿಡಿ. ಆಸ್ಪತ್ರೆಯಿಂದ ಬೇರೆ ತರಿಸೋಣ."

"ನೀನು ಹೋಗಪ್ಪ. ನನ್ನ ಹತ್ರಾನೇ ಇದೆ."

ಅವನು ಅವಳ ಮುಖ ನೋಡಿ, ಬಾಗಿಲು ಎಳೆದುಕೊಂಡ. ಒಳಗೆ ಮೂವರು ಹೆಂಗಸರು ಉಳಿದರು.

ಅವಳು ಕೋಟಿನ ಜೇಬಿನಿಂದ ರಿಮೋಟು ತೆಗೆದಳು. ಮಗಳು ಬೆರಗಾದಳು. "ಇದನ್ನ ಇಟ್ಕೊಂಡು ಬೆಳಗ್ಗೆಯಿಂದ ಸುಮ್ನೆ ಕೂತಿದ್ಯಾ? ಚಿಕ್ಕಪ್ಪ ಮನೆಯೆಲ್ಲ ತಿರುಗಾಡ್ತಿದ್ರು!"

"ಇದನ್ನ ಆರಿಸಿದ್ರೆ ನಿಮ್ಮಪ್ಪ ಮಾತಾಡ್ತಿದ್ರು ಕಣೆ."

"ಏನಮ್ಮಾ ಹಾಗಂದ್ರೆ?"

ಅವಳು ಹೇಳಿದಳು. ಸಂಜೆಗಳನ್ನು, ಹಿಡಿದ ಕೈಯನ್ನು, ಮೇಷ್ಟ್ರಿಗೆ ಕೊಡದೆ ಉಳಿದ ಉತ್ತರವನ್ನು, ನಿನ್ನೆ ಬೆಳಿಗ್ಗೆ ಎದೆ ತಟ್ಟಿ ಹೋದದ್ದನ್ನು. ಹೆಚ್ಚು ಮಾತಿಲ್ಲದೆ, ಒಗೆದ ಬಟ್ಟೆ ಒಂದೊಂದಾಗಿ ಮಡಿಸಿಟ್ಟ ಹಾಗೆ ಹೇಳಿದಳು. ಡಾಕ್ಟರಮ್ಮ ಕೈಗವಸು ಹಾಕುವುದನ್ನು ನಿಲ್ಲಿಸಿ ಕೇಳಿದರು.

ಮಗಳ ಮುಖ ಮೊದಲು ಮೆತ್ತಗಾಯಿತು, ಆಮೇಲೆ ಗಟ್ಟಿಯಾಯಿತು.

"ದಿನಾ ಮಾತಾಡ್ತಿದ್ರಾ? ಚೆನ್ನಾಗಿ? ಮುಂಚಿನ ಹಾಗೆ?"

"ಹೂಂ."

"ಮತ್ತೆ ನಂಗೆ ಯಾಕೆ ಒಂದ್ ಸಲ ಫೋನ್ ಮಾಡ್ಲಿಲ್ಲ ಆ ಹೊತ್ತಲ್ಲಿ? ಒಂದೇ ಒಂದ್ ಸಲ?"

ಚಿಕ್ಕಪ್ಪನಿಗೆ ಗೊತ್ತಾಗುತ್ತಿತ್ತು ಎನ್ನಬಹುದಾಗಿತ್ತು. ಅಪ್ಪನೇ ಬೇಡವೆಂದರು ಎನ್ನಬಹುದಾಗಿತ್ತು. ಸತ್ತವನು ಎದ್ದು ಬಂದು ಅಲ್ಲವೆನ್ನುತ್ತಿರಲಿಲ್ಲ. ಆದರೆ ಅವನು ಅಲ್ಲೇ, ಕೈಗೆಟುಕುವಷ್ಟು ದೂರದಲ್ಲಿ, ನುಣ್ಣಗೆ ಕ್ಷೌರ ಮಾಡಿಸಿಕೊಂಡು ಮಲಗಿದ್ದ. ಅವನ ಮುಂದೆ ಸುಳ್ಳು ಬರಲಿಲ್ಲ.

"ಅವರು ಕೇಳಿದ್ರು. ಮಗಳಿಗೆ ಮಾಡೋಣ್ವಾ ಅಂತ ಕೇಳೋರು. ನಾಳೆ ಮಾಡೋಣ ಅಂತಿದ್ದೆ. ಜೀವಮಾನವೆಲ್ಲ ಅವರ ಮಾತು ಬೀದಿಯವರದ್ದಾಗಿತ್ತು ಕಣೆ. ಮನೆಗೆ ಬರೋ ಹೊತ್ತಿಗೆ ಗಂಟಲು ಕಟ್ಟಿರ್ತಿತ್ತು. ಆ ಒಂದು ಗಳಿಗೆ ನಂಗೊಬ್ಬಳಿಗೇ ಇರ್ಲಿ ಅನ್ನಿಸ್ತು."

ಮಗಳು ಎದ್ದು ಹಿಂಬದಿಯ ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಳು. ಹಿತ್ತಿಲ ತಂತಿಯ ಮೇಲೆ ನಿನ್ನೆ ಒಣಹಾಕಿದ ಅಂಗಡಿಯ ಟವೆಲುಗಳು ಯಾರೂ ತೆಗೆಯದೆ ಹಾಗೇ ನೇತಾಡುತ್ತಿದ್ದವು. ಹೊರಗೆ ಮೈದುನ ಗಾಡಿಯವನಿಗೆ ಏನೋ ಗಟ್ಟಿಯಾಗಿ ಹೇಳುತ್ತಿದ್ದ.

"ಅಮ್ಮ, ಹೊತ್ತಾಗುತ್ತೆ," ಎಂದರು ಡಾಕ್ಟರಮ್ಮ ಮೆಲ್ಲಗೆ. "ಬೇಕಾದ್ರೆ ನಾನೇ ಒತ್ತಲಾ?"

"ಬೇಡಮ್ಮ. ಇದು ನನ್ನ ಕೆಲಸ."

ಅವಳು ಮಂಚದ ಅಂಚಿನಲ್ಲಿ, ದಿನವೂ ಕೂರುತ್ತಿದ್ದ ಹಾಗೆಯೇ ಕುಳಿತಳು. ಅಂಗಿಯ ಎರಡು ಗುಂಡಿ ಬಿಚ್ಚಿದಳು. ತಣ್ಣಗಿದ್ದ ಚರ್ಮದ ಮೇಲೆ, ಚೌಕವಾಗಿ ಉಬ್ಬಿದ್ದ ಜಾಗಕ್ಕೆ ಡಬ್ಬಿಯನ್ನು ಆನಿಸಿದಳು. ತುಟಿಗಳು ದೇವರ ಹೆಸರಿಗೆ ಅಲುಗಿದವು. ಒತ್ತಿದಳು. ಡಬ್ಬಿಯ ಮೇಲೆ ಹಸಿರಾಗಿದ್ದ ಸಣ್ಣ ದೀಪ ಆರಿತು.

ರಿಮೋಟನ್ನು ಪಕ್ಕಕ್ಕಿಟ್ಟು, ಅವನ ಬಲಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು.

ಡಾಕ್ಟರಮ್ಮ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದರು. "ಆಯ್ತಾ ಅಮ್ಮ? ನಾನು ಶುರು ಮಾಡ್ಲಾ?"

"ಸ್ವಲ್ಪ ತಡಿ ತಾಯಿ," ಎಂದಳು ಅವಳು, ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತರುತ್ತ. "ನಾಲಿಗೆ ಬಿಡೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಡಾಕ್ಟರಮ್ಮ ಕೈಗವಸಿನ ಕೈಗಳನ್ನು ಕಟ್ಟಿಕೊಂಡು ನಿಂತರು. ಕಿಟಕಿಯ ಬಳಿಯಿಂದ ಮಗಳು ತಿರುಗಿ ಬಂದಳು. ಮಂಚದ ಬಳಿ ನೆಲದ ಮೇಲೆ ಕುಳಿತಳು. ಮೂವರೂ ಕಾದರು. ಅಪ್ಪನ ಕೈ ಕದಲಲಿಲ್ಲ. ಅದನ್ನು ಹಿಡಿದಿದ್ದ ಅಮ್ಮನ ಕೈಗಳು ನಡುಗುತ್ತಿದ್ದವು. ಮಗಳು ನೋಡಿದಳು, ನೋಡುತ್ತಲೇ ಇದ್ದಳು; ಆಮೇಲೆ ತನ್ನ ಎರಡೂ ಕೈ ಚಾಚಿ ಅವುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.